ಅರ್ಜಿ ಬರೆಯುವವನ ಒಂದು ಅರ್ಜಿ

ಗೆ,
ಮಂಡ್ಯ ಜಿಲ್ಲೆಯ 7 ಮತ್ತು ಮೈಸೂರು ಜಿಲ್ಲೆಯ 11, ಒಟ್ಟು 18 ಮಾನ್ಯ ಶಾಸಕರು.

ಇಂದ,
ಜೆರಾಕ್ಸ್ ಅಂಗಡಿಯವನು, ಮದ್ದೂರು.

ವಿಷಯ: ನನ್ನ ಕಂಪ್ಯೂಟರಿನಲ್ಲಿ ಕೆಲಸವಿಲ್ಲದೆ ಬಿದ್ದಿರುವ ಒಂದು ಫೈಲಿನ ಬಗ್ಗೆ.

ದಿನಾಂಕ: 25 ನವೆಂಬರ್ 2024

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ... ಹೀಗೇ ಶುರುವಾಗಿಬಿಡುತ್ತೆ ನೋಡಿ, ಕೈಗೆ ಅಭ್ಯಾಸ. ತಾಲ್ಲೂಕು ಕಚೇರಿಗೆ ಬರುವ ಜನರಿಗೆ ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಕಸುಬು. ಒಂದು ಅರ್ಜಿಗೆ 30 ರೂಪಾಯಿ. ವಯಸ್ಸಾದವರಿಗೆ 20. ಚೌಕಾಸಿ ಮಾಡುತ್ತಾ ನಿಂತರೆ ಅದಕ್ಕಿಂತ ಕಡಿಮೆಗೂ ಬರೆದುಕೊಟ್ಟಿದ್ದೇನೆ, ಹಿಂದೆ ಕ್ಯೂ ಇರುತ್ತಲ್ಲ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್, ಒಂದು ಲ್ಯಾಮಿನೇಷನ್ ಮಿಷನ್, ಕೂರಲು ಒಂದು ಸ್ಟೂಲು. ಇಷ್ಟೇ ನನ್ನ ಅಂಗಡಿ.

ಕಂಪ್ಯೂಟರಿನಲ್ಲಿ 'ಅರ್ಜಿ ಮಾದರಿ' ಅಂತ ಒಂದು ಫೋಲ್ಡರ್ ಇದೆ. ಪೌತಿ ಖಾತೆ, ಪಹಣಿ ತಿದ್ದುಪಡಿ, ವಿಧವಾ ವೇತನ, ನಾಲೆ ನೀರು ಕೊನೆ ಜಮೀನಿಗೆ ಬಂದಿಲ್ಲ, ಹೀಗೆ ಒಂದೊಂದಕ್ಕೂ ಒಂದೊಂದು ಫೈಲು. ಯಾರಾದರೂ ಬಂದರೆ ಫೈಲು ತೆರೆದು ಹೆಸರು, ಊರು, ಸರ್ವೆ ನಂಬರು ಬದಲಾಯಿಸಿದರೆ ಮುಗಿಯಿತು. ಹೋದ ವಾರ ಹಳೆಯದನ್ನೆಲ್ಲ ಅಳಿಸೋಣ ಅಂತ ಕೂತಿದ್ದೆ. 'ಜಿಪಂ ಸದಸ್ಯರಿಗೆ' ಅನ್ನುವ ಫೈಲು ಸಿಕ್ಕಿತು. ಕೊನೆಯ ಸಲ ಅದನ್ನು ತೆರೆದಿದ್ದು 2021ರ ಮಾರ್ಚ್‌ನಲ್ಲಿ ಅಂತ ಕಂಪ್ಯೂಟರ್ ಹೇಳುತ್ತಿತ್ತು. ಅದಕ್ಕೆ ಮುಂಚೆ ವಾರಕ್ಕೆ ನಾಲ್ಕೈದು ಸಲ ತೆರೆಯುತ್ತಿದ್ದ ಫೈಲು ಅದು. ಶಾಲೆಯ ಹೆಂಚು ಒಡೆದಿದ್ದರೆ, ಅಂಗನವಾಡಿಗೆ ಗೋಡೆ ಬೇಕಿದ್ದರೆ, ಊರ ರಸ್ತೆಯ ಮೋರಿ ಕುಸಿದಿದ್ದರೆ ಜನ ಬರೆಸುತ್ತಿದ್ದುದು ಆ ವಿಳಾಸಕ್ಕೆ.

ಈಗ ಯಾರಿಗೆ ಬರೆಸುತ್ತಾರೆ? ನಿಮಗೆ. ಇಲ್ಲವಾದರೆ 'ಮಾನ್ಯ ಆಡಳಿತಾಧಿಕಾರಿಗಳು' ಅಂತ ಬರೆಯುತ್ತೇನೆ. ಅವರು ಯಾರು, ಎಲ್ಲಿ ಕೂರುತ್ತಾರೆ ಅಂತ ಬರೆಸುವವರಿಗೂ ಗೊತ್ತಿಲ್ಲ, ಬರೆಯುವ ನನಗೂ ಸರಿಯಾಗಿ ಗೊತ್ತಿಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗೆ ನಾವು ಕೊನೆಯ ಸಲ ಮತ ಹಾಕಿದ್ದು 2016ರ ಫೆಬ್ರವರಿಯಲ್ಲಿ. ಮಂಡ್ಯದಲ್ಲಿ 41 ಜಿಲ್ಲಾ ಪಂಚಾಯತ್ ಸದಸ್ಯರು, ಮೈಸೂರಿನಲ್ಲಿ 49. ಒಟ್ಟು 90 ಜನ. ತಾಲ್ಲೂಕು ಪಂಚಾಯತಿಯವರ ಲೆಕ್ಕ ಬೇರೆ. 2021ಕ್ಕೆ ಎಲ್ಲರ ಅವಧಿ ಮುಗಿಯಿತು. ಮೂರೂವರೆ ವರ್ಷ ಆಯಿತು, ಅವರ ಜಾಗಕ್ಕೆ ಯಾರೂ ಬಂದಿಲ್ಲ. ಮೈಸೂರು ನಗರದವರು ನಗಬೇಡಿ. ನಿಮ್ಮ ಪಾಲಿಕೆಯ 65 ವಾರ್ಡಿಗೂ ಹೋದ ವರ್ಷದ ನವೆಂಬರ್‌ನಿಂದ ಒಬ್ಬ ಕಾರ್ಪೊರೇಟರೂ ಇಲ್ಲ.

ಇವತ್ತೇ ಯಾಕೆ ಬರೆಯುತ್ತಿದ್ದೀಯ ಅಂದರೆ, ತಾರೀಕು ನೋಡಿ. ನಾಳೆ ಸಂವಿಧಾನ ದಿನ, ಭಾಷಣಗಳೆಲ್ಲ ನಾಳೆ ಇರುತ್ತವೆ. ನನಗೆ 25ನೇ ತಾರೀಕೇ ಜಾಸ್ತಿ ಇಷ್ಟ. 75 ವರ್ಷದ ಹಿಂದೆ, 1949ರ ನವೆಂಬರ್ 25ರಂದು, ಎರಡು ಸಂಗತಿ ನಡೆದವು. ದೆಹಲಿಯಲ್ಲಿ ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ತಮ್ಮ ಕೊನೆಯ ದೊಡ್ಡ ಭಾಷಣ ಮಾಡಿದರು. ಅದೇ ದಿನಾಂಕದಂದು ನಮ್ಮ ಜಯಚಾಮರಾಜ ಒಡೆಯರ್ ಒಂದು ಘೋಷಣೆ ಹೊರಡಿಸಿದರು. ಭಾರತದ ಸಂವಿಧಾನವೇ ಇನ್ನು ಮೈಸೂರಿಗೂ ಸಂವಿಧಾನ ಅಂತ ಒಪ್ಪಿಕೊಂಡ ಘೋಷಣೆ ಅದು. ಒಬ್ಬ ರಾಜ ತನ್ನ ಮೇಲೆ ಒಂದು ಪುಸ್ತಕವನ್ನು ಇಟ್ಟುಕೊಂಡ ದಿನ. ಈ ವರ್ಷದ ಲೋಕಸಭಾ ಚುನಾವಣೆಯಲ್ಲಿ ಅದೇ ಮನೆತನದ ಯದುವೀರ್ ಒಡೆಯರ್ ಕೈ ಮುಗಿದು ಮತ ಕೇಳಿ, ಗೆದ್ದು, ಸಂಸದರಾದರು. ಯಾವ ಪಕ್ಷ ಅನ್ನೋದು ಬಿಡಿ. ಆ ಮನೆಯವರೂ ನಮ್ಮ ಬೀದಿಗೆ ಬಂದು ಮತ ಕೇಳಬೇಕು ಅನ್ನುವುದಿದೆಯಲ್ಲ, ಸಂವಿಧಾನ ಅಂದರೆ ನನಗೆ ಕಣ್ಣಿಗೆ ಕಟ್ಟುವುದು ಅದು. ಅರಮನೆಯವರಿಗೆ ಅನ್ವಯಿಸಿದ ನಿಯಮ ಜಿಲ್ಲಾ ಪಂಚಾಯತ್ ಕಚೇರಿಗೆ ಮಾತ್ರ ಯಾಕೆ ಅನ್ವಯಿಸುತ್ತಿಲ್ಲ?

ಅರ್ಜಿ ಬರೆಯುವ ನನಗೆ ಅರ್ಜಿಯ ಚರಿತ್ರೆ ಬಗ್ಗೆ ಸ್ವಲ್ಪ ಹುಚ್ಚು. ಮೈಸೂರಿಗೆ ಹೋದಾಗ ಪುರಭವನದ ಮುಂದೆ ಐದು ನಿಮಿಷ ನಿಲ್ಲುತ್ತೇನೆ. ಕಟ್ಟಡಕ್ಕೆ ದಿವಾನ್ ರಂಗಾಚಾರ್ಲು ಹೆಸರು. ಎದುರಿಗೆ ಅಂಬೇಡ್ಕರ್ ಪ್ರತಿಮೆ. ಬಸ್ಸಿನವರು ಹಾರ್ನ್ ಹೊಡೆಯುತ್ತಾ ಸುತ್ತು ಹಾಕುತ್ತಿರುತ್ತಾರೆ. ಇಬ್ಬರನ್ನೂ ಒಂದೇ ಕಡೆ ನಿಲ್ಲಿಸಿದವರು ಏನು ಯೋಚನೆ ಮಾಡಿದ್ದರೋ, ಆದರೆ ನಮ್ಮ ಕಥೆಯ ಎರಡು ತುದಿ ಅಲ್ಲಿವೆ.

ರಂಗಾಚಾರ್ಲು 1881ರಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆ ಅಕ್ಟೋಬರ್ 7ಕ್ಕೆ, ದಸರಾ ಹೊತ್ತಿನಲ್ಲಿ. 144 ಜನ ಸದಸ್ಯರು. ಜಮೀನ್ದಾರರು, ವ್ಯಾಪಾರಸ್ಥರು, ಅಂಥವರೇ. ಹೆಂಗಸರು ಇರಲಿಲ್ಲ, ಕೂಲಿಯವರೂ ಇರಲಿಲ್ಲ. ದಿವಾನರು ವರ್ಷದ ಜಮಾ ಖರ್ಚು ಓದಿ ಹೇಳುವುದು, ಸದಸ್ಯರು ತಮ್ಮ ತಮ್ಮ ಕಡೆಯ ಕುಂದುಕೊರತೆ ಅರಿಕೆ ಮಾಡಿಕೊಳ್ಳುವುದು. ಅಷ್ಟೇ. ತೀರ್ಮಾನ ಮಾಡುವ ಹಕ್ಕು ಅವರಿಗೆ ಇರಲಿಲ್ಲ. ಒಂದು ರೀತಿಯಲ್ಲಿ ನನ್ನ ಅಂಗಡಿಯೇ, ಸ್ವಲ್ಪ ದೊಡ್ಡದು. ಆದರೂ ದೇಶೀ ಸಂಸ್ಥಾನಗಳಲ್ಲಿ ಅಂಥದ್ದು ಮೊದಲು ಆಗಿದ್ದು ಮೈಸೂರಲ್ಲಿ. ಆ ಹೆಮ್ಮೆಯನ್ನು ನಾವು ಎಲ್ಲರೂ ಹೇಳಿಕೊಳ್ಳುತ್ತೇವೆ, ನೀವೂ ವೇದಿಕೆ ಮೇಲೆ ಹೇಳುತ್ತೀರಿ.

ಆದರೆ ಅರಿಕೆ ಸಾಲದು, ಅಧಿಕಾರ ಬೇಕು ಅಂತ ಜನ ಎದ್ದಿದ್ದೂ ಇದೇ ಮಣ್ಣಿನಲ್ಲಿ. ನನ್ನ ಅಂಗಡಿಯಿಂದ ಶಿವಪುರಕ್ಕೆ ಸೈಕಲ್ ದಾರಿ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಬಾವುಟ ಹಾರಿಸಬಾರದು ಅಂತ ಸರ್ಕಾರದ ಆಜ್ಞೆ. ಟಿ. ಸಿದ್ದಲಿಂಗಯ್ಯ ಹಾರಿಸಿಯೇಬಿಟ್ಟರು, ಬಂಧನವೂ ಆಯಿತು. ಅದರ ನೆನಪಿಗೆ ಕಟ್ಟಿದ ಸತ್ಯಾಗ್ರಹ ಸೌಧ ಈಗಲೂ ಹೆದ್ದಾರಿ ಪಕ್ಕದಲ್ಲಿ ನಿಂತಿದೆ. ಬೆಂಗಳೂರಿಗೆ ಹೋಗುವಾಗ ನಿಮ್ಮ ಕಾರು ಎಷ್ಟೋ ಸಲ ಅದರ ಮುಂದೆ ಹಾದು ಹೋಗಿರುತ್ತೆ. ಈಗ ಹೊಸ ರಸ್ತೆ ಬಂದಮೇಲೆ ಅದೂ ಕಾಣಿಸುವುದು ಕಷ್ಟ ಅನ್ನಿ. ಆಮೇಲೆ 1947. ದೇಶಕ್ಕೆ ಆಗಸ್ಟ್‌ನಲ್ಲೇ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದಕ್ಕಾಗಿ ಮೈಸೂರು ಚಲೋ ಚಳವಳಿ. ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಲ್ಲಿ ಮೈಸೂರಿನಲ್ಲಿ ಒಂದು ಸರ್ಕಲ್ ಇದೆ. ಆಟೋದವರಿಗೆ ಆ ಹೆಸರು ಗೊತ್ತು, ಆ ಹುಡುಗ ಯಾಕೆ ಸತ್ತ ಅಂತ ಕೇಳಿದರೆ ಬಹಳ ಜನಕ್ಕೆ ಗೊತ್ತಿಲ್ಲ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು.

ಇದರಲ್ಲಿ ನನಗೆ ಬಹಳ ಹಿಡಿಸುವ ಒಂದು ವಿಷಯ ಇದೆ. ಶಿವಪುರದಲ್ಲಿ ಬಾವುಟ ಹಾರಿಸಿ ಸೆರೆಯಾದ ಅದೇ ಸಿದ್ದಲಿಂಗಯ್ಯ, ಆಮೇಲೆ ದೆಹಲಿಯ ಸಂವಿಧಾನ ಸಭೆಯಲ್ಲಿ ಮೈಸೂರು ಸಂಸ್ಥಾನದ 7 ಸದಸ್ಯರಲ್ಲಿ ಒಬ್ಬರಾಗಿ ಕೂತರು. ಅಂದರೆ ನಮ್ಮ ತಾಲ್ಲೂಕಿನ ಒಂದು ಊರಿನಲ್ಲಿ ಕೇಳಿದ ಪ್ರಶ್ನೆ ಸೀದಾ ಆ ಸಭೆಯವರೆಗೂ ಹೋಗಿತ್ತು.

ಆ ಸಭೆಯಲ್ಲಿ ಹಳ್ಳಿಯ ಬಗ್ಗೆ ದೊಡ್ಡ ಜಗಳವೇ ನಡೆಯಿತು. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಭೆಯ ಮುಂದಿಟ್ಟ ಅಂಬೇಡ್ಕರ್, ಹಳ್ಳಿಯನ್ನು ಹೊಗಳುವವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಹಳ್ಳಿ ಅಂದರೆ ಸಂಕುಚಿತ ಬುದ್ಧಿಯ, ಅಜ್ಞಾನದ, ಕೋಮು ಭಾವನೆಯ ಗುಂಡಿ ಅಂದರು. ಮಂಡ್ಯದವನಾದ ನನಗೆ ಇದನ್ನು ಮೊದಲ ಸಲ ಓದಿದಾಗ ಸಿಟ್ಟು ಬಂದಿತ್ತು. ಆಮೇಲೆ ನಮ್ಮೂರಿನ ಹಳೆಯ ಬಾವಿ ಕಟ್ಟೆ ನೆನಪಾಯಿತು. ಯಾರು ಎಲ್ಲಿ ನಿಲ್ಲಬೇಕು, ಯಾರ ಬಿಂದಿಗೆಗೆ ಯಾರು ನೀರು ಹುಯ್ಯಬೇಕು ಅಂತ ಇದ್ದದ್ದನ್ನು ನಾನೇ ಚಿಕ್ಕಂದಿನಲ್ಲಿ ನೋಡಿದ್ದೆನಲ್ಲ. ಸಿಟ್ಟು ಇಳಿಯಿತು. ಅದೇ ತಿಂಗಳ 22ಕ್ಕೆ ಸಭೆಯ ಸದಸ್ಯ ಕೆ. ಸಂತಾನಂ ಒಂದು ತಿದ್ದುಪಡಿ ತಂದರು. ಗ್ರಾಮ ಪಂಚಾಯತಿಗಳನ್ನು ಕಟ್ಟಿ ಅವುಗಳಿಗೆ ಸ್ವಯಂ ಆಡಳಿತದ ಅಧಿಕಾರ ಕೊಡಬೇಕು ಅಂತ. ಅಂಬೇಡ್ಕರ್ ವಾದ ಮಾಡಲಿಲ್ಲ, ಒಪ್ಪಿಕೊಂಡರು. ಅದೇ ಇವತ್ತಿನ 40ನೇ ವಿಧಿ.

ನವೆಂಬರ್ 4ರ ಅದೇ ಭಾಷಣದಲ್ಲಿ ಅಂಬೇಡ್ಕರ್ ಇನ್ನೊಂದು ಮಾತು ಹೇಳಿದ್ದಾರೆ. ಸಂವಿಧಾನದ ನೀತಿ ಅನ್ನೋದು ಮನುಷ್ಯನಿಗೆ ಹುಟ್ಟಿನಿಂದ ಬರುವುದಿಲ್ಲ, ರೂಢಿ ಮಾಡಿಸಬೇಕು. ನಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ಮಣ್ಣಿನ ಮೇಲೆ ಹಾಕಿದ ಮೇಲುಗೊಬ್ಬರ ಇದ್ದ ಹಾಗೆ, ಕೆಳಗಿನ ಮಣ್ಣು ಬೇರೆಯೇ ಇದೆ ಅಂತ. ಬೇರೆ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇನೋ. ಭತ್ತ, ಕಬ್ಬು ಬೆಳೆಯುವ ನಮಗೆ ಬೇಡ. ಮೇಲುಗೊಬ್ಬರ ಒಂದು ಸಲ ಚೆಲ್ಲಿ ಸುಮ್ನೆ ಕೂತರೆ ಏನಾಗುತ್ತೆ ಅಂತ ಯಾವ ರೈತನನ್ನಾದರೂ ಕೇಳಿ. ಒಂದು ಮಳೆಗೆ ಕೊಚ್ಚಿಹೋಗುತ್ತೆ. ಹೊತ್ತು ಹೊತ್ತಿಗೆ ಕೊಡಬೇಕು, ಕಾಲ ತಪ್ಪಿದರೆ ಚೆಲ್ಲಿಯೂ ಉಪಯೋಗವಿಲ್ಲ.

ಕಾಲಕ್ಕೆ ಸರಿಯಾಗಿ ಚುನಾವಣೆ ಅನ್ನುವ ಮಾತು ಬಂದಿದ್ದು ಬಹಳ ತಡವಾಗಿ. 40ನೇ ವಿಧಿ ಬರೀ ನಿರ್ದೇಶನ, ಮಾಡದಿದ್ದರೆ ಕೋರ್ಟಿಗೆ ಹೋಗಲು ಬರುತ್ತಿರಲಿಲ್ಲ. ನಡುವೆ ನಮ್ಮ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿತು. 1983ರ ಪಂಚಾಯತಿ ಕಾಯ್ದೆ. ಮಾಡಿಸಿದವರು ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್, ಗುಂಡ್ಲುಪೇಟೆಯವರು. ಆಗ ಗುಂಡ್ಲುಪೇಟೆ ಮೈಸೂರು ಜಿಲ್ಲೆಯಲ್ಲೇ ಇತ್ತು. ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂದರು. ಹೆಂಗಸರಿಗೆ ನೂರಕ್ಕೆ 25 ಸೀಟು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. 1987ರ ಜನವರಿಯಲ್ಲಿ ಚುನಾವಣೆ ಆಯಿತು. ಅವತ್ತಿನ ಶಾಸಕರಲ್ಲಿ ಎಷ್ಟು ಜನಕ್ಕೆ ಇದು ಗಂಟಲಲ್ಲಿ ಇಳಿಯಲಿಲ್ಲ ಅಂತ ಹಳಬರು ಈಗಲೂ ಕಥೆ ಹೇಳುತ್ತಾರೆ. 1987ರಲ್ಲಿ ಗೆದ್ದವರ ಅವಧಿ ಮುಗಿದ ಮೇಲೆ ಜಿಲ್ಲಾ ಮಟ್ಟಕ್ಕೆ ಮುಂದಿನ ಚುನಾವಣೆ ಆಗಿದ್ದು ಯಾವಾಗ ಗೊತ್ತಾ? 1995ರಲ್ಲಿ. ಅಂದರೆ ಈ ರೋಗ ಹೊಸದಲ್ಲ.

ಇಂಥ ರೋಗಕ್ಕೇ ಸಂವಿಧಾನದ 73ನೇ ತಿದ್ದುಪಡಿ ಮದ್ದು. 1993ರ ಏಪ್ರಿಲ್ 24ಕ್ಕೆ ಜಾರಿಗೆ ಬಂತು. ಅದರಲ್ಲಿ 243-ಇ ಅಂತ ಒಂದು ವಿಧಿ ಇದೆ, ಒಂದು ಸಲ ಓದಿ. ಪಂಚಾಯತಿಯ ಅವಧಿ 5 ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ನಗರಗಳಿಗೆ ಇದೇ ಮಾತನ್ನು 243-ಯು ಹೇಳುತ್ತೆ. 'ಸಾಧ್ಯವಾದರೆ' ಅಂತ ಎಲ್ಲೂ ಬರೆದಿಲ್ಲ. ನಾನು ದಿನಾ ಅರ್ಜಿಯಲ್ಲಿ 'ಸಾಧ್ಯವಾದಷ್ಟು ಬೇಗ' ಅಂತ ಟೈಪ್ ಮಾಡುವವನು, ಆ ಪದ ಇದ್ದಿದ್ದರೆ ನನ್ನ ಕಣ್ಣಿಗೆ ಬೀಳದೇ ಇರುತ್ತಿರಲಿಲ್ಲ.

ಈಗ ನಿಮ್ಮ ಚುನಾವಣೆಯ ವಿಷಯಕ್ಕೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜೂನ್‌ನಲ್ಲಿ ಮಂಡ್ಯದಿಂದ ಕುಮಾರಸ್ವಾಮಿಯವರು ಲೋಕಸಭೆಗೆ ಗೆದ್ದರು. ಅವರ ಚನ್ನಪಟ್ಟಣದ ಸೀಟು ಖಾಲಿಯಾಯಿತು. ಚನ್ನಪಟ್ಟಣ ನಮಗೆ ಪಕ್ಕದ ಊರು, ಗಲಾಟೆ ಎಲ್ಲ ಇಲ್ಲಿಗೇ ಕೇಳಿಸುತ್ತಿತ್ತು. ಐದೇ ತಿಂಗಳು. ನವೆಂಬರ್ 13ಕ್ಕೆ ಮತದಾನ, ಮೊನ್ನೆ 23ಕ್ಕೆ ಎಣಿಕೆ, ಎಲ್ಲ ಮುಗಿಯಿತು. 2019ರಲ್ಲಿ ಶಾಸಕರು ರಾಜೀನಾಮೆ ಕೊಟ್ಟು ಅನರ್ಹರಾದಾಗಲೂ ಹಾಗೇ. ಕೆ.ಆರ್. ಪೇಟೆಗೆ, ಹುಣಸೂರಿಗೆ ಡಿಸೆಂಬರ್ 5ಕ್ಕೆ ಮತದಾನ ಆಗಿಹೋಯಿತು. ಒಂದು ಶಾಸಕರ ಕುರ್ಚಿ ಆರು ತಿಂಗಳು ಖಾಲಿ ಇರಬಾರದು ಅಂತ ಕಾನೂನು ಇದೆ, ಅದನ್ನು ಪಾಲಿಸುತ್ತಾರೆ. ತೊಂಬತ್ತು ಕುರ್ಚಿ ಖಾಲಿ ಇರಬಾರದು ಅಂತ ಸಂವಿಧಾನದಲ್ಲೇ ಇದೆ. ಕಾನೂನಿಗಿಂತ ಸಂವಿಧಾನ ದೊಡ್ಡದು ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಪಾಠ ಬದಲಾಗಿದ್ದರೆ ಹೇಳಿ, ಅಂಗಡಿಗೆ ಬರುವ ಮಕ್ಕಳಿಗೂ ಹೇಳುತ್ತೇನೆ.

ಕಾರಣಗಳು ಗೊತ್ತು. ಕ್ಷೇತ್ರ ಮರುವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ಕೋರ್ಟು. 2021ರಲ್ಲಿ ಇದ್ದ ಸರ್ಕಾರ ಮರುವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಹೊಸ ಆಯೋಗಕ್ಕೆ ಕೊಟ್ಟಿತು. 2023ರಲ್ಲಿ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ಮಾಡಿ ಅಂದವರು ಈಗ ಆಡಳಿತದಲ್ಲಿದ್ದಾರೆ, ಮಾಡದೇ ಇದ್ದವರು ಈಗ ಮಾಡಿ ಅನ್ನುತ್ತಾರೆ. ಮೀಸಲಾತಿ ಬೇಡ ಅನ್ನುವವನು ನಾನಲ್ಲ. ಹಿಂದುಳಿದವರಿಗೆ ಪಾಲು ಬೇಕು ಅಂತ 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿದ ಮೈಸೂರು ನಮ್ಮದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಆದರೆ ಮೀಸಲಾತಿ ಪಟ್ಟಿ ಆಗಿಲ್ಲ, ವಿಂಗಡಣೆ ಆಗಿಲ್ಲ ಅಂತ ಚುನಾವಣೆ ಮುಂದೂಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿ ಆಗಿದೆ. ಎಲ್ಲ ರಾಜ್ಯಗಳಿಗೂ ಅನ್ವಯ ಅಂತಲೂ ಹೇಳಿದೆ. ಮೀಸಲಾತಿಯ ಹೆಸರು ಹೇಳಿ ಚುನಾವಣೆಯನ್ನೇ ನಿಲ್ಲಿಸಿದರೆ ನಷ್ಟ ಯಾರಿಗೆ? ಮೀಸಲು ಸೀಟಿನಲ್ಲಿ ಗೆದ್ದು ಬರುತ್ತಿದ್ದವರಿಗೇ ಅಲ್ವಾ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನೀವು 18 ಜನ ಇದ್ದೀರಿ. ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ನಿಮ್ಮಲ್ಲಿ ಒಬ್ಬರು, ವರುಣದಿಂದ. ಮಂತ್ರಿಗಳಿದ್ದಾರೆ, ಮೂರು ಪಕ್ಷದವರೂ ಇದ್ದೀರಿ, ರೈತ ಸಂಘದವರೂ ಇದ್ದೀರಿ. ಒಬ್ಬ ಹೆಣ್ಣುಮಗಳು ಇಲ್ಲ. ಎರಡು ಜಿಲ್ಲೆ, 18 ಕ್ಷೇತ್ರ, ಒಬ್ಬರೂ ಇಲ್ಲ. ಜಿಲ್ಲಾ ಪಂಚಾಯತಿಯ 90 ಸೀಟಿನಲ್ಲಿ ಹೆಚ್ಚು ಕಡಿಮೆ ಅರ್ಧ ಹೆಂಗಸರಿಗೆ ಮೀಸಲಿತ್ತು. ಅಷ್ಟು ಜನ ಹೆಂಗಸರು ಒಂದೇ ಸಲಕ್ಕೆ ಮಾಜಿಗಳಾದರು, ಅವರ ಜಾಗಕ್ಕೆ ಬರಬೇಕಾದವರಿಗೆ ಬಾಗಿಲೇ ತೆರೆಯಲಿಲ್ಲ.

ಅವರಲ್ಲಿ ಒಬ್ಬರು ನನ್ನ ಅಂಗಡಿಗೆ ಬರುತ್ತಿದ್ದರು. ಹೆಸರು ಬೇಡ, ಈಗ ಅವರು ರೇಷ್ಮೆ ಹುಳ ಸಾಕಿಕೊಂಡು ನೆಮ್ಮದಿಯಾಗಿದ್ದಾರೆ. ಗೆದ್ದ ಹೊಸದರಲ್ಲಿ ಬರುತ್ತಿದ್ದುದು ಅವರಲ್ಲ, ಯಜಮಾನರು. ಆಯಮ್ಮ ಬೈಕಿನ ಹಿಂದೆ ಕೂತು ಬಂದು ಸಹಿ ಮಾತ್ರ ಹಾಕುತ್ತಿದ್ದರು. ನಾನೂ ನಗುತ್ತಿದ್ದೆ. ಎರಡನೇ ವರ್ಷ ಒಂದು ದಿನ ಒಬ್ಬರೇ ಬಂದರು, ಆಟೋದಲ್ಲಿ. ಸ್ಟೂಲಿನ ಮೇಲೆ ಕೂತರು. ಯಾವುದೋ ಊರವರು ಶಾಲೆಗೆ ಕೊಠಡಿ ಬೇಕು ಅಂತ ಅರ್ಜಿ ಬರೆಸುತ್ತಿದ್ದರು. ಆಯಮ್ಮ ಕೇಳಿದರು, "ಎಷ್ಟ್ ಮಕ್ಳವೆ ಆ ಸ್ಕೂಲಲ್ಲಿ?" ಅರವತ್ತೋ ಎಪ್ಪತ್ತೋ ಅಂದರು ಊರವರು. "ಅರವತ್ತೋ ಎಪ್ಪತ್ತೋ ಅಂದ್ರಾಗಲ್ಲ. ಹಾಜರಿ ಪುಸ್ತಕ ನೋಡ್ಕಂಡ್ ಬನ್ನಿ. ಹೆಣ್ಮಕ್ಳಿಗೆ ಕಕ್ಕಸು ಅದಾ? ಬೀಗ ಹಾಕವ್ರಾ, ತೆಗೆದವ್ರಾ? ಅದ್ನೂ ಬರೀರಿ." ಅವತ್ತು ಆ ಅರ್ಜಿಯನ್ನು ನಾನು ಎರಡು ಸಲ ಟೈಪ್ ಮಾಡಿದೆ. ಬೀಗದ ವಿಷಯ ಅಲ್ಲಿಯವರೆಗೆ ನನ್ನ ಯಾವ ಮಾದರಿಯಲ್ಲೂ ಇರಲಿಲ್ಲ. ಆಮೇಲೆ ಸೇರಿಸಿಕೊಂಡೆ.

ಎಲ್ಲ ಸದಸ್ಯರೂ ಹೀಗಿದ್ದರು ಅಂತ ಸುಳ್ಳು ಹೇಳಲ್ಲ. ಪರ್ಸೆಂಟೇಜ್ ತಿಂದವರಿದ್ದರು, ಭಾವಮೈದನಿಗೆ ಕಂಟ್ರಾಕ್ಟು ಕೊಡಿಸಿದವರಿದ್ದರು, ಐದು ವರ್ಷ ಸಭೆಯಲ್ಲಿ ಬಾಯಿ ಬಿಡದವರಿದ್ದರು. ಸಂವಿಧಾನ ಎಷ್ಟೇ ಒಳ್ಳೆಯದಿದ್ದರೂ ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತೆ ಅಂತ ಅಂಬೇಡ್ಕರ್ 75 ವರ್ಷದ ಹಿಂದೆ ಇದೇ ದಿನ ಹೇಳಿದ್ದರು. ಆದರೆ ಕೆಟ್ಟ ಸದಸ್ಯನನ್ನು ಟೀ ಅಂಗಡಿ ಮುಂದೆ ಹಿಡಿದು ಬೈಯಬಹುದಿತ್ತು. ಹಬ್ಬಕ್ಕೆ ಊರಿಗೆ ಬಂದರೆ ಕೇಳಬಹುದಿತ್ತು. ಮುಂದಿನ ಸಲ ಸೋಲಿಸಬಹುದಿತ್ತು. ಆಡಳಿತಾಧಿಕಾರಿಯನ್ನು ಸೋಲಿಸುವುದು ಹೇಗೆ?

ನನ್ನದೇ ಒಂದು ಕಥೆ ಹೇಳುತ್ತೇನೆ. ಊರು ಯಾವುದು, ಕಚೇರಿ ಯಾವುದು ಕೇಳಬೇಡಿ. ನಮ್ಮ ಶಾಲೆಗೆ ಹೋಗುವ ದಾರಿಯಲ್ಲಿ ಕಾಲುವೆ ಮೇಲೆ ಒಂದು ಮೋರಿ. ಅದರ ಚಪ್ಪಡಿ ಒಂದು ಕಡೆ ಮುರಿದು ಎರಡು ವರ್ಷದ ಮೇಲಾಯಿತು. ತೂತಿನಲ್ಲಿ ಯಾರೋ ಬಾಳೆ ಕಂದು ನೆಟ್ಟು, ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದಾರೆ, ಬೈಕಿನವರಿಗೆ ಕಾಣಲಿ ಅಂತ. ಊರಿಗೆಲ್ಲ ಅರ್ಜಿ ಬರೆಯುವವನು ನಮ್ಮೂರಿಗೆ ಬರೆಯದೇ ಇರಲು ಆಗುತ್ತಾ? ಬರೆದೆ. ಮೊದಲ ಕಚೇರಿಯವರು ಈ ರಸ್ತೆ ನಮ್ಮ ವ್ಯಾಪ್ತಿಗೆ ಬರಲ್ಲ, ಮೇಲಿನ ಕಚೇರಿಗೆ ಕೊಡಿ ಅಂದರು. ಮೇಲಿನ ಕಚೇರಿಯವರು ಒಂದು ಸೀಲು ಹೊಡೆದು ಸ್ವೀಕೃತಿ ಕೊಟ್ಟರು. ಮೂರು ತಿಂಗಳು ಬಿಟ್ಟು ಹೋದರೆ ಆ ಅಧಿಕಾರಿಗೆ ವರ್ಗ ಆಗಿತ್ತು. ಹೊಸಬರು ಹೊಸ ಅರ್ಜಿ ಕೇಳಿದರು. ಕೊಟ್ಟೆ. ಕ್ರಿಯಾ ಯೋಜನೆಯಲ್ಲಿ ಬಂದರೆ ಮಾಡ್ತೀವಿ ಅಂದರು. ಕ್ರಿಯಾ ಯೋಜನೆಗೆ ಯಾರು ಸೇರಿಸಬೇಕು ಸಾರ್ ಅಂದೆ. ಅವರು ನಿಜವಾಗಿಯೂ ಒಳ್ಳೆಯ ಮನುಷ್ಯ, ಮುಖ ಮುಖ ನೋಡಿ ನಕ್ಕರು. "ಸದಸ್ಯರು ಇದ್ದಿದ್ರೆ ಸೇರಿಸ್ತಿದ್ರು ಕಣ್ರೀ" ಅಂದರು. ಅವರಿಗೂ ಗೊತ್ತು. ಬಾಳೆ ಕಂದು ಈಗ ಎರಡು ಎಲೆ ಬಿಟ್ಟಿದೆ.

ನಿಮ್ಮ ಹತ್ತಿರ ಬರಬಹುದಿತ್ತಲ್ಲ ಅನ್ನುತ್ತೀರಿ. ಬರಬಹುದಿತ್ತು. ಒಂದು ಕ್ಷೇತ್ರದಲ್ಲಿ ಎಷ್ಟು ಊರು, ಎಷ್ಟು ಮೋರಿ, ನೀವು ಒಬ್ಬರೇ. ಮದುವೆ, ತಿಥಿ, ಗೃಹಪ್ರವೇಶ, ಬೆಂಗಳೂರು, ಬೆಳಗಾವಿ. ನಿಮ್ಮ ಮನೆಯ ಮುಂದೆ ಬೆಳಿಗ್ಗೆ ನಿಲ್ಲುವ ಜನರನ್ನು ನೋಡಿದರೆ ನನಗೇ ಅಯ್ಯೋ ಅನ್ನಿಸುತ್ತೆ. ಆದರೆ ಒಳಗಿನ ಸತ್ಯವನ್ನೂ ಹೇಳಿಬಿಡಲಾ? ಆ ಜನಜಂಗುಳಿ ಕೆಲವರಿಗೆ ಹಿತ. ಜಿಲ್ಲಾ ಪಂಚಾಯತ್ ಸದಸ್ಯ ಅಂದರೆ ಐದು ವರ್ಷ ಆದಮೇಲೆ ಟಿಕೆಟ್ ಕೇಳುವವನು. ನಿಮ್ಮಲ್ಲೇ ಎಷ್ಟೋ ಜನ ಆ ಮೆಟ್ಟಿಲು ಹತ್ತಿಯೇ ಬಂದವರು. ಮುಖ್ಯಮಂತ್ರಿಗಳು 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿಗೆ ಗೆದ್ದು ಶುರು ಮಾಡಿದವರು. ಹತ್ತಿದ ಮೇಲೆ ಏಣಿ ಎಳೆದುಕೊಂಡರು ಅನ್ನುವ ಮಾತು ಎಲ್ಲ ಪಕ್ಷಕ್ಕೂ ಬರುತ್ತೆ, ಒಬ್ಬರಿಗೆ ಅಂತಲ್ಲ.

ಅರ್ಜಿ ಕೊಡಲು ಜನರಿಗೆ ಅವಕಾಶ ಮಾಡಿಲ್ಲ ಅಂತಲೂ ಅಲ್ಲ. ಜನತಾ ದರ್ಶನ ಇದೆ, ಜನಸ್ಪಂದನ ಇದೆ. ಆ ದಿನಗಳಲ್ಲಿ ನನಗೆ ಭರ್ಜರಿ ವ್ಯಾಪಾರ, ಊಟಕ್ಕೆ ಪುರಸೊತ್ತಿಲ್ಲ. ದರ್ಶನ ಅನ್ನುವ ಪದ ಮಾತ್ರ ನನಗೆ ಚುಚ್ಚುತ್ತೆ. ದರ್ಶನ ಕೊಡುವುದು ದೇವರು, ಹಿಂದೆ ದಸರಾದಲ್ಲಿ ಮಹಾರಾಜರು. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಅಂಬೇಡ್ಕರ್ ಎಚ್ಚರಿಸಿದ್ದೂ ಅದೇ ನವೆಂಬರ್ 25ರ ಭಾಷಣದಲ್ಲೇ. 144 ಜನ ವರ್ಷಕ್ಕೊಮ್ಮೆ ಬಂದು ದಿವಾನರ ಮುಂದೆ ಅರಿಕೆ ಮಾಡಿಕೊಂಡು ಹೋಗುತ್ತಿದ್ದ 1881ಕ್ಕೂ, ಟೋಕನ್ ಹಿಡಿದು ಕ್ಯೂನಲ್ಲಿ ನಿಂತು ಅರ್ಜಿ ಕೊಡುವ 2024ಕ್ಕೂ ಎಷ್ಟು ದೂರ? ರಂಗಾಚಾರ್ಲು ಕೂಡ ಜಮಾ ಖರ್ಚು ಓದಿ ಹೇಳುತ್ತಿದ್ದರು. ನಮ್ಮ ಜಿಲ್ಲಾ ಪಂಚಾಯತಿಯ ಜಮಾ ಖರ್ಚನ್ನು ಈ ಮೂರೂವರೆ ವರ್ಷ ಯಾವ ಚುನಾಯಿತ ಸಭೆಯ ಮುಂದೆ ಓದಿದರು?

ಸಂವಿಧಾನದ ಮೇಲೆ ಪ್ರೀತಿ ತೋರಿಸುವುದರಲ್ಲಿ ಯಾರೂ ಹಿಂದೆ ಬಿದ್ದಿಲ್ಲ, ಅದನ್ನೂ ಒಪ್ಪುತ್ತೇನೆ. ಈ ವರ್ಷದ ಆರಂಭದಲ್ಲಿ ಜಾಗೃತಿ ಜಾಥಾ ಬಂತು. ಪೀಠಿಕೆಯ ಲ್ಯಾಮಿನೇಷನ್ ಮಾಡಿ ಮಾಡಿ ನನ್ನ ಮಿಷನ್ನಿನ ರೋಲರ್ ಸುಟ್ಟುಹೋಯಿತು. ಲೋಕಸಭಾ ಚುನಾವಣೆಯಲ್ಲಿ ಒಂದು ಕಡೆಯವರು ಸಂವಿಧಾನದ ಪುಟ್ಟ ಪುಸ್ತಕ ಹಿಡಿದು ಉಳಿಸಿ ಅಂದರು, ಇನ್ನೊಂದು ಕಡೆಯವರು ಅದಕ್ಕೆ ನಮಸ್ಕಾರ ಮಾಡಿ ನಾವೇ ಉಳಿಸಿದವರು ಅಂದರು. ಸೆಪ್ಟೆಂಬರ್ 15ಕ್ಕೆ ಬೀದರಿನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿ. ಅಂಗಡಿ ಬಾಗಿಲು ಹಾಕಿ ನಾನೂ ಹೋಗಿದ್ದೆ. ನನ್ನ ಎಡಗಡೆ ಒಂದು ಹೈಸ್ಕೂಲ್ ಹುಡುಗಿ, ಬಲಗಡೆ ಒಬ್ಬ ಪೌರಕಾರ್ಮಿಕರು. 'ಭಾರತದ ಜನತೆಯಾದ ನಾವು' ಅಂತ ಒಟ್ಟಿಗೆ ಓದಿದಾಗ ಮೈ ಜುಮ್ಮೆಂದಿದ್ದು ಸುಳ್ಳಲ್ಲ. ಬಿಸಿಲು ಜಾಸ್ತಿ ಇತ್ತು. ಓದಿ ಮುಗಿದ ಮೇಲೆ ಆ ಹುಡುಗಿ ಕೇಳಿದಳು, "ಅಂಕಲ್, ನಮ್ ಜಿಲ್ಲಾ ಪಂಚಾಯ್ತಿ ಮೆಂಬರ್ ಹೆಸ್ರು ಏನು? ಸ್ಕೂಲಲ್ಲಿ ಬರ್ಕೊಂಡ್ ಬನ್ನಿ ಅಂದವ್ರೆ." ಇಲ್ಲ ಅಂದೆ. "ಇಲ್ಲ ಅಂದ್ರೆ?" ಅಂದಳು. 2021ರಲ್ಲಿ ಅವಳು ನಾಲ್ಕನೆಯದೋ ಐದನೆಯದೋ ಓದುತ್ತಿದ್ದಿರಬೇಕು. ಅಂಥ ಒಬ್ಬರು ಇರುತ್ತಾರೆ ಅನ್ನುವುದನ್ನು ಅವಳು ಪುಸ್ತಕದಲ್ಲಿ ಮಾತ್ರ ನೋಡಿದ್ದಾಳೆ.

ಮುಂದಿನ ತಿಂಗಳು ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ, 20ರಿಂದ ಮೂರು ದಿನ. ನೀವೆಲ್ಲ ಓಡಾಟದಲ್ಲಿರುತ್ತೀರಿ. ಅದಕ್ಕೂ ಮುಂಚೆ ಡಿಸೆಂಬರ್ 9ಕ್ಕೆ ಬೆಳಗಾವಿ ಅಧಿವೇಶನ. ಆ ತಾರೀಕನ್ನು ಯಾರು ಆರಿಸಿದರೋ, ಚೆನ್ನಾಗಿ ಆರಿಸಿದ್ದಾರೆ. ಸಂವಿಧಾನ ಸಭೆ ಮೊದಲ ಸಲ ಸೇರಿದ್ದು 1946ರ ಡಿಸೆಂಬರ್ 9ಕ್ಕೇ. ನಾನು ಕೇಳುವುದು ದೊಡ್ಡದೇನಲ್ಲ. ಧರಣಿ ಬೇಡ, ಸದನದ ಬಾವಿಗೆ ಇಳಿಯುವುದು ಬೇಡ. ನೀವು 18 ಜನರಲ್ಲಿ ಯಾರಾದರೂ ಒಬ್ಬರು, ಯಾವ ಪಕ್ಷದವರಾದರೂ ಸರಿ, ಒಂದು ಪ್ರಶ್ನೆ ಕೇಳಿ. ಮಂತ್ರಿಗಳಾದವರು ಕೇಳಲು ಬರುವುದಿಲ್ಲ, ಅವರು ಉತ್ತರ ಕೊಡಬಹುದು. ಪ್ರಶ್ನೆಯನ್ನು ನಾನೇ ಟೈಪ್ ಮಾಡಿದ್ದೇನೆ, ನಿಮ್ಮ ಆಪ್ತ ಸಹಾಯಕರಿಗೆ ಕೆಲಸ ಕಡಿಮೆಯಾಗಲಿ ಅಂತ. 30 ರೂಪಾಯಿ ಬೇಡ.

"ಸಂವಿಧಾನದ 243-ಇ ಮತ್ತು 243-ಯು ವಿಧಿಗಳ ಪ್ರಕಾರ ಅವಧಿ ಮುಗಿಯುವ ಮೊದಲೇ ಮುಗಿದಿರಬೇಕಾಗಿದ್ದ, ಮಂಡ್ಯ ಮತ್ತು ಮೈಸೂರು ಜಿಲ್ಲಾ ಪಂಚಾಯತ್, ತಾಲ್ಲೂಕು ಪಂಚಾಯತ್ ಹಾಗೂ ಮೈಸೂರು ಮಹಾನಗರ ಪಾಲಿಕೆಯ ಚುನಾವಣೆಗಳನ್ನು ಯಾವ ದಿನಾಂಕದಂದು ನಡೆಸಲಾಗುವುದು? (ದಿನಾಂಕವನ್ನು ಅಂಕಿಗಳಲ್ಲಿ ತಿಳಿಸುವುದು.)"

ಆ ಫೈಲನ್ನು ಅಳಿಸಿಲ್ಲ. ಬೀಗದ ಸಾಲು ಅದರಲ್ಲೇ ಇದೆ. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.

ಇತಿ ತಮ್ಮ ಮತದಾರ,
ಮದ್ದೂರು

ಅಡಕ: ಸ್ವೀಕೃತಿ ಸೀಲು ಬಿದ್ದಿರುವ ಹಳೆಯ ಅರ್ಜಿಗಳ ಜೆರಾಕ್ಸ್ ಪ್ರತಿ, 2.